ಬಟ್ಟೆಯಲ್ಲಿ ಶೇ 92 ಮೊಳಕೆ, ಹೊಲದಲ್ಲಿ ಅರ್ಧಕ್ಕರ್ಧ: ತಪ್ಪು ಬೀಜದ್ದೋ ಮಣ್ಣಿನದೋ?

ಎರೆಹೊಲ · ಭಾನುವಾರ ಬೆಳಿಗ್ಗೆ 6:50

ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಎರೆ ಹೊಲ. ಬಿಪಿಟಿ 5204 ಭತ್ತ, ಎಕರೆಗೆ 12 ಕೆಜಿ, ಕೂರಿಗೆ ಬಿತ್ತನೆ, ಸಾಲಿಂದ ಸಾಲಿಗೆ 20 ಸೆಂ.ಮೀ. ಬಿತ್ತಿ 16 ದಿನ. ಬಿತ್ತೋ ಮೊದಲು ಒದ್ದೆ ಬಟ್ಟೆಯಲ್ಲಿ 100 ಕಾಳು ಕಟ್ಟಿ ನೋಡಿದಾಗ 92 ಮೊಳೆತಿದ್ದವು. ಹೊಲದಲ್ಲಿ ಮಾತ್ರ ಒಂದು ಕಡೆ ತುಂಬು ಸಾಲು, ಇನ್ನೊಂದು ಕಡೆ ಬರೀ ನೆಲ. ಮಣ್ಣಿನ ಚೀಟಿಯಲ್ಲಿ ಪಿ.ಎಚ್. 8.7, ಇ.ಸಿ. (ಕರಗೋ ಉಪ್ಪಿನ ಅಳತೆ) 1.4 ಅಂತಿದೆ. ಇ.ಸಿ. ದೊಡ್ಡದಲ್ಲ, ಹಾಗಾಗಿ ಬೀಜವೇ ಕೆಟ್ಟದ್ದು ಅಂತ ಊರಲ್ಲಿ ಎಲ್ಲರ ಮಾತು. ಎರಡು ಚೀಲ ಜಿಪ್ಸಂ ಎರಚಿದರೆ ಸರಿ ಹೋಗುತ್ತಾ, ಅಥವಾ ಹರಗಿ ಮತ್ತೆ ಬಿತ್ತಬೇಕಾ?

ಕೂರಿಗೆಸಾಲು · ಭಾನುವಾರ ಬೆಳಿಗ್ಗೆ 8:15

ಜಿಪ್ಸಂ ಆಮೇಲೆ. ಮೊದಲು ಸಲಿಕೆ ಹಿಡಿದು ಹೊಲಕ್ಕೆ ಹೋಗಿ. ಹುಟ್ಟದ ಕಾಳು ಹೇಗೆ ಸತ್ತಿದೆ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಲೆಕ್ಕ ಮೊದಲು. ಬಿಪಿಟಿ 5204 ಸಣ್ಣ ಕಾಳು, ಸಾವಿರ ಕಾಳಿಗೆ ಹೆಚ್ಚುಕಡಿಮೆ 15 ಗ್ರಾಂ. 12 ಕೆಜಿ ಅಂದರೆ 8 ಲಕ್ಷ ಕಾಳು, ಎಕರೆಗೆ 4,047 ಚದರ ಮೀಟರ್, ಅಂದರೆ ಚದರ ಮೀಟರಿಗೆ ಸುಮಾರು 200. ಸಾಲು 20 ಸೆಂ.ಮೀ. ಅಂತರದ್ದಾದ್ದರಿಂದ ಒಂದು ಮೀಟರ್ ಸಾಲಿನಲ್ಲಿ 40 ಕಾಳು ಇರಬೇಕು. ಖಾಲಿ ಜಾಗದಲ್ಲಿ ಅರ್ಧ ಮೀಟರ್ ಸಾಲನ್ನು 7-8 ಸೆಂ.ಮೀ. ಆಳಕ್ಕೆ ಎತ್ತಿ ಬಕೆಟ್ ನೀರಿನಲ್ಲಿ ಮೆಲ್ಲಗೆ ಕದಡಿ. 20 ಕಾಳು ಸಿಗಬೇಕು. 5-6 ಮಾತ್ರ ಸಿಕ್ಕರೆ ಕೂರಿಗೆ ಕೊಳವೆ ಕಟ್ಟಿತ್ತು, ಇಲ್ಲವೇ ಹಕ್ಕಿ, ಇರುವೆ, ಇಲಿ ತಿಂದಿವೆ. ಅದಕ್ಕೂ ಮಣ್ಣಿಗೂ ಸಂಬಂಧವಿಲ್ಲ.

ಸಿಕ್ಕ ಕಾಳನ್ನು ಹೀಗೆ ವಿಂಗಡಿಸಿ. ಕಾಳು ಗಟ್ಟಿ, ಒಣಗಿದ್ದರೆ ಅದಕ್ಕೆ ನೀರೇ ಮುಟ್ಟಿಲ್ಲ. ಹೆಂಟೆ ದಪ್ಪವಿದ್ದು ಕಾಳಿನ ಸುತ್ತ ಟೊಳ್ಳು ಉಳಿದಿದೆ. ಬಿಳಿ ಸೂಜಿಯಂಥ ಕುಡಿ ಉದ್ದ ಬೆಳೆದು ಬೇರು ಇಲ್ಲದಿದ್ದರೆ ಗಾಳಿ ಸಿಕ್ಕಿಲ್ಲ. ಕುಡಿ ಮಣ್ಣಿನೊಳಗೇ ಮಡಚಿ ಹಾವಿನ ಹಾಗೆ ಸುತ್ತಿಕೊಂಡಿದ್ದರೆ ಮೇಲೆ ಮಣ್ಣು ಹಪ್ಪಳ ಕಟ್ಟಿದೆ. ಕಾಳು ಊದಿ, ಹಿಚುಕಿದರೆ ನಾರುವ ಹಾಲು ಬಂದರೆ ಕೊಳೆತಿದೆ. ಅದಕ್ಕೆ ನಿಂತ ನೀರೂ ಕಾರಣ ಇರಬಹುದು, ಕಾಳಿಗೆ ತಾಗಿ ಬಿದ್ದ ಗೊಬ್ಬರವೂ ಇರಬಹುದು.

ಚೆನ್ನಾಗಿರೋ ಜಾಗದಲ್ಲೂ ಇದನ್ನೇ ಮಾಡಿ. ಹೋಲಿಕೆ ಇಲ್ಲದೆ ಏನೂ ಗೊತ್ತಾಗಲ್ಲ.

ಮಣ್ಣುಚೀಟಿ · ಭಾನುವಾರ ಬೆಳಿಗ್ಗೆ 9:30

ಇ.ಸಿ. 1.4 ಅನ್ನೋದನ್ನ ಸರಿಯಾಗಿ ಓದಬೇಕು. ನಮ್ಮ ಪ್ರಯೋಗಾಲಯಗಳಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯೋದು ರೂಢಿ. ಭತ್ತದ ಉಪ್ಪು ಸಹನೆಯ ಪಟ್ಟಿಗಳಲ್ಲಿರೋ ಅಂಕಿ ಬೇರೆ ಅಳತೆಯದ್ದು: ಮಣ್ಣನ್ನು ನೀರಲ್ಲಿ ಕಲಸಿ, ಹಿಟ್ಟಿನ ಹದಕ್ಕೆ ತಂದು, ಅದರಿಂದ ಹಿಂಡಿದ ನೀರಿನ ಇ.ಸಿ. ಎರೆ ಮಣ್ಣಿಗೆ ಆ ಹದ ಬರೋಕೆ ತನ್ನ ತೂಕದ ಶೇ 60-70 ನೀರು ಸಾಕು. ಅಂದರೆ ಚೀಟಿಯ ಅಳತೆಯಲ್ಲಿ ಉಪ್ಪು ಮೂರ್ನಾಲ್ಕು ಪಟ್ಟು ತೆಳುವಾಗಿದೆ. ಮಣ್ಣಿನಲ್ಲೇ ಜಿಪ್ಸಂ ಇದ್ದರೆ ಲೆಕ್ಕ ಸ್ವಲ್ಪ ಏರುಪೇರಾಗುತ್ತೆ, ಆದರೂ ಎರೆಗೆ ಮೂರು ಪಟ್ಟು ಅಂತ ಹಿಡಿದರೆ ನಿಮ್ಮ 1.4 ಅನ್ನೋದು 4 ದಾಟುತ್ತೆ. ಭತ್ತದ ಇಳುವರಿ ಇಳಿಯೋಕೆ ಶುರುವಾಗೋದು 3ರಲ್ಲಿ. ಅಲ್ಲಿಂದ ಮೇಲೆ ಒಂದೊಂದು ಡೆಸಿಸೀಮನ್ಸ್‌ಗೂ (ಇ.ಸಿ.ಯ ಮಾನ) ಶೇ 12ರ ಹಾಗೆ ಕುಸಿಯುತ್ತೆ, 7ರ ಆಸುಪಾಸಿಗೆ ಅರ್ಧ ಬೆಳೆ ಹೋಯಿತು.

ಇನ್ನೊಂದು ಎಡವಟ್ಟು ಮಾದರಿ ತೆಗೆಯೋದರಲ್ಲಿ. ಗೊಬ್ಬರದ ಶಿಫಾರಸಿಗೆ ಅಂತ 15 ಸೆಂ.ಮೀ. ಆಳದವರೆಗೆ, ಹೊಲದ ಹತ್ತಾರು ಕಡೆಯಿಂದ ತೆಗೆದು ಕಲಸಿ ಕೊಡ್ತೀವಿ. ಬೀಜ ಇರೋದು ಮೇಲಿನ 3 ಸೆಂ.ಮೀ.ನಲ್ಲಿ, ಬಿಸಿಲಿಗೆ ಉಪ್ಪು ಬಂದು ಕೂರೋದೂ ಅಲ್ಲೇ. ಒಳ್ಳೆ ಜಾಗ, ಕೆಟ್ಟ ಜಾಗ ಬೇರೆ ಬೇರೆ ಮಾಡಿ, ಮೇಲಿನ 5 ಸೆಂ.ಮೀ. ಒಂದು ಚೀಲ, 5ರಿಂದ 15 ಸೆಂ.ಮೀ. ಇನ್ನೊಂದು ಚೀಲ ಕೊಡಿ. ಒಟ್ಟು ನಾಲ್ಕು ಚೀಲ.

ಪಿ.ಎಚ್. 8.7 ಇರೋದರಿಂದ ಬರೀ ಸವಳೋ (ಉಪ್ಪು ಜಾಸ್ತಿ), ಕರಲೂ (ಸೋಡಿಯಂ ಜಾಸ್ತಿ) ಇದೆಯೋ ನೋಡಬೇಕು. ಮನೆಯಲ್ಲೇ ಒಂದು ಪರೀಕ್ಷೆ: ಗಾಜಿನ ಲೋಟದಲ್ಲಿ ಮಳೆ ನೀರು ಅಥವಾ ಬ್ಯಾಟರಿಗೆ ಹಾಕೋ ನೀರು ತುಂಬಿ, ಕಡಲೆಕಾಯಿ ಗಾತ್ರದ ಒಣ ಹೆಂಟೆ ಮೆಲ್ಲಗೆ ಬಿಡಿ. ಅಲುಗಾಡಿಸಬೇಡಿ. ಹೆಂಟೆ ಒಡೆದು ಪುಡಿಯಾಗಿ ನೀರು ತಿಳಿಯಾಗೇ ಉಳಿದರೆ ಅಂಜಬೇಕಿಲ್ಲ. ಎರಡು ಗಂಟೆಯಲ್ಲಿ ಹೆಂಟೆ ಸುತ್ತ ಹಾಲು ಚೆಲ್ಲಿದ ಹಾಗೆ ಮೋಡ ಎದ್ದರೆ ಸೋಡಿಯಂ ಜಾಸ್ತಿ. ಕೊಳವೆಬಾವಿ ನೀರಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರ ಉಪ್ಪು ಮೋಡ ಏಳೋಕೆ ಬಿಡಲ್ಲ. ಅದೇ ಕಾರಣಕ್ಕೆ ತುಂಬಾ ಸವಳಿರೋ ಮಣ್ಣೂ ಮೊದಲ ಸಲ ತಿಳಿಯಾಗಿ ಕಾಣಬಹುದು. ಆ ನೀರು ಬಸಿದು ಎರಡು ಸಲ ಹೊಸ ನೀರು ಹಾಕಿ ನೋಡಿ.

ಎರೆಹೊಲ · ಭಾನುವಾರ ಸಂಜೆ 5:20

ಅಗೆದು ನೋಡಿದೆ. ಮೂರು ಕಡೆ ಮೂರು ಥರ.

ತಗ್ಗಿನ ಮೂಲೆ (ಬಿತ್ತಿದ ಮೂರನೇ ದಿನ ಮಳೆ ಬಂದು ನಾಲ್ಕು ದಿನ ನೀರು ನಿಂತಿತ್ತು): ಕಾಳು ಸಿಗುತ್ತವೆ, ಬಿಳಿ ಸೂಜಿ ಇದೆ, ಬೇರಿಲ್ಲ. ನಡು ಭಾಗ: ಮೇಲೆ ಬೆರಳು ದಪ್ಪ ಹಪ್ಪಳ, ಕುಡಿ ಒಳಗೇ ಮಡಚಿದೆ. ಕಾಲುವೆ ಬದುವಿನ ಪಕ್ಕದ ದಿಬ್ಬ: ಹುಟ್ಟಿದೆ, ಎರಡು ಎಲೆ ಬಂದಿದೆ, ಈಗ ತುದಿಯಿಂದ ಸುಟ್ಟು ಬರ್ತಿದೆ. ನೆಲದ ಮೇಲೆ ಬೆಳ್ಳಗೆ ಪುಡಿ.

ಲೋಟದಲ್ಲಿ ನಡು ಭಾಗದ ಹೆಂಟೆ ಹಾಲಾಯಿತು. ದಿಬ್ಬದ್ದು ಮೂರನೇ ನೀರಿಗೆ ಹಾಲಾಯಿತು.

ಬಸಿಗಾಲುವೆ · ಭಾನುವಾರ ರಾತ್ರಿ 8:05

ಮೂರೂ ಬೇರೆ ಕಾಯಿಲೆ ಅಲ್ಲ ಅಣ್ಣ, ಬೇರು ಒಂದೇ: ಮಟ್ಟ ಇಲ್ಲ, ಬಸಿ ಇಲ್ಲ, ಮಣ್ಣಲ್ಲಿ ಸೋಡಿಯಂ ಇದೆ.

ತಗ್ಗಿನ ಮೂಲೆಯದ್ದು ಭತ್ತದ ವಿಚಿತ್ರ ಗುಣ. ಜೋಳ, ಕಡಲೆ ಕಾಳು ಗಾಳಿ ಸಿಗದಿದ್ದರೆ ಮೊಳೆಯೋದೇ ಇಲ್ಲ. ಭತ್ತ ಮೊಳೆಯುತ್ತೆ, ಆದರೆ ಅರ್ಧ ಮಾತ್ರ. ಆಮ್ಲಜನಕ ಇಲ್ಲದ ಕೆಸರಲ್ಲಿ ಕುಡಿಯ ಕೊಳವೆ ಉದ್ದಕ್ಕೆ ಬೆಳೆದು ನೀರಿನ ಮೇಲೆ ತಲೆ ಹಾಕೋಕೆ ನೋಡುತ್ತೆ, ಬೇರು ಮತ್ತು ಹಸಿರೆಲೆ ಗಾಳಿ ಸಿಕ್ಕ ಮೇಲೇ. ಕೊಳವೆ ಮೇಲ್ಮೈ ಮುಟ್ಟೋ ಮೊದಲು ಕಾಳಿನ ಹಿಟ್ಟು ಮುಗಿದರೆ ಕಥೆ ಮುಗಿಯಿತು. ಮಣ್ಣಿನೊಳಗೆ ಹೂತ ಬೀಜಕ್ಕೆ ಮೇಲೆ ನೀರೂ ನಿಂತರೆ ಎರಡು ಪಟ್ಟು ಕಷ್ಟ. "ಭತ್ತ ತಾನೆ, ನೀರಲ್ಲೇ ಹುಟ್ಟುತ್ತೆ" ಅನ್ನೋರು ನಾಟಿ ಪೈರನ್ನೂ ಬೀಜವನ್ನೂ ಒಂದೇ ಅಂದುಕೊಂಡಿದ್ದಾರೆ.

ದಿಬ್ಬದ್ದು ಇದಕ್ಕೆ ಉಲ್ಟಾ. ನೀರು ತಗ್ಗಿಗೆ ಹರಿಯುತ್ತೆ, ಉಪ್ಪು ದಿಬ್ಬಕ್ಕೆ ಏರುತ್ತೆ. ಸುತ್ತ ನೀರು ನಿಂತು ದಿಬ್ಬ ಒಣಗಿದ್ದರೆ, ದೀಪದ ಬತ್ತಿ ಎಣ್ಣೆ ಎಳೆಯೋ ಹಾಗೆ ಮಣ್ಣು ನೀರೆಳೆದು ಮೇಲೆ ಆರಿಸಿ ಉಪ್ಪನ್ನಷ್ಟೇ ಬಿಡುತ್ತೆ. ಕಾಲುವೆಯಿಂದ ಜಿನುಗೋ ನೀರು ಬೇರೆ. ಹಾಗಾಗಿ ಹೊಲ ಮಟ್ಟ ಮಾಡಿದರೆ ತಗ್ಗಿನ ಉಸಿರುಕಟ್ಟೋದೂ ದಿಬ್ಬದ ಉಪ್ಪೂ ಒಟ್ಟಿಗೆ ಇಳಿಯುತ್ತವೆ. ಲೇಸರ್ ಲೆವೆಲರ್ ಬಾಡಿಗೆ ದುಬಾರಿ ಅನಿಸಿದರೂ ಈ ಹೊಲಕ್ಕೆ ಮೊದಲ ದುಡ್ಡು ಹಾಕಬೇಕಾದ್ದು ಅಲ್ಲಿ.

ಮಲೆನಾಡಗದ್ದೆ · ಭಾನುವಾರ ರಾತ್ರಿ 9:10

ನಮ್ಮ ತೀರ್ಥಹಳ್ಳಿ ಕಡೆ ಅಗೆ ಏಳದಿದ್ದರೆ, ಸಸಿ ಕೆಂಪಾದರೆ ಸುಣ್ಣ ಹಾಕ್ತೀವಿ. ಎಕರೆಗೆ ಎರಡು ಕ್ವಿಂಟಲ್. ನೀವೂ ಯಾಕೆ ಪ್ರಯತ್ನಿಸಬಾರದು?

ಮಣ್ಣುಚೀಟಿ · ಭಾನುವಾರ ರಾತ್ರಿ 9:25

ದಯವಿಟ್ಟು ಬೇಡ. ನಿಮ್ಮದು ಹುಳಿ ಮಣ್ಣು, ಪಿ.ಎಚ್. 5ರ ಆಜುಬಾಜು. ಅವರದ್ದು 8.7, ಅಗೆದರೆ ಸುಣ್ಣದ ಹರಳು ಹಾಗೇ ಸಿಗೋ ನೆಲ. ಸುಣ್ಣಕ್ಕೆ ಬರ ಇಲ್ಲ, ಅದು ಕರಗ್ತಿಲ್ಲ ಅನ್ನೋದೇ ತೊಂದರೆ.

ಕೆಂಪಾಗೋ ವಿಷಯ ಬಂದದ್ದು ಒಳ್ಳೇದಾಯಿತು, ಈ ಎರಡನ್ನು ಜನ ಅದಲುಬದಲು ಮಾಡ್ತಾರೆ. ಜಂಬಿಟ್ಟಿಗೆ ಗುಡ್ಡದ ಬುಡದ ಗದ್ದೆಯಲ್ಲಿ ನೀರು ನಿಂತಾಗ ಕಬ್ಬಿಣ ಕರಗಿ ಬೇರಿಗೆ ವಿಪರೀತ ಸಿಗುತ್ತೆ. ಹಳೇ ಎಲೆಯ ತುದಿಯಿಂದ ಸಣ್ಣ ಕಂದು ಚುಕ್ಕೆ, ಆಮೇಲೆ ಇಡೀ ಎಲೆ ತಾಮ್ರದ ಬಣ್ಣ. ಬೇರು ಕಿತ್ತರೆ ತುಕ್ಕಿನ ಲೇಪ. ನೀರಿನ ಮೇಲೆ ಎಣ್ಣೆಯಂಥ ಪೊರೆ ಕಾಣುತ್ತೆ. ಕಡ್ಡಿ ಆಡಿಸಿದರೆ ಹೆಂಚಿನ ಚೂರಿನ ಹಾಗೆ ಒಡೆದು ಹಾಗೇ ಉಳಿದರೆ ಅದು ಕಬ್ಬಿಣ, ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ, ಪಂಪಿನದ್ದೋ ಟಿಲ್ಲರಿನದ್ದೋ. ಅಲ್ಲಿ ಸುಣ್ಣ ನಾಟಿಗೆ ಎರಡು ಮೂರು ವಾರ ಮೊದಲು, ಗುಡ್ಡದ ಕಡೆಯಿಂದ ಬರೋ ಒರತೆಗೆ ಅಡ್ಡಗಾಲುವೆ, ಪೊಟ್ಯಾಷ್ ತಪ್ಪಿಸದೆ ಕೊಡೋದು, ನಡುವೆ ಒಂದು ಸಲ ನೀರು ಬಸಿಯೋದು.

ಎರೆಯ ಕೂರಿಗೆ ಭತ್ತದಲ್ಲಿ ಆಗೋದು ಕಬ್ಬಿಣದ ಕೊರತೆ. ಹೊಸ ಎಲೆ ಹಳದಿಯಾಗಿ, ಮುಂದುವರಿದರೆ ಬಿಳಿಚುತ್ತೆ, ಹಳೇ ಎಲೆ ಹಸಿರಾಗೇ ಇರುತ್ತೆ. ಮೂರನೇ ವಾರದಲ್ಲಿ ಕಂಡರೆ ಶೇ 0.5ರಿಂದ 1ರ ಫೆರಸ್ ಸಲ್ಫೇಟ್, ಅಂದರೆ ಲೀಟರಿಗೆ 5ರಿಂದ 10 ಗ್ರಾಂ, ವಾರಕ್ಕೊಮ್ಮೆ ಎರಡು ಮೂರು ಸಲ ಸಂಜೆ ಸಿಂಪಡಿಸಿ. ಮಣ್ಣಿಗೆ ಹಾಕಿದರೆ ಈ ಪಿ.ಎಚ್.ನಲ್ಲಿ ಒಂದೆರಡು ದಿನದಲ್ಲಿ ಕಲ್ಲಾಗುತ್ತೆ, ದುಡ್ಡು ದಂಡ.

ಮಲೆನಾಡಗದ್ದೆ · ಭಾನುವಾರ ರಾತ್ರಿ 9:40

ಸರಿ, ಒಪ್ಪಿದೆ. ಅಡ್ಡಗಾಲುವೆ ಮಾತು ನಮ್ಮಲ್ಲೂ ಬಹಳ ಜನ ಮರೆತಿದ್ದಾರೆ, ಸುಣ್ಣ ಮಾತ್ರ ನೆನಪಿದೆ.

ಎರೆಹೊಲ · ಸೋಮವಾರ ಬೆಳಿಗ್ಗೆ 7:00

ದಿಬ್ಬದ್ದು ಹುಟ್ಟಿ ಸುಡೋದು ಯಾಕೆ? ಉಪ್ಪಾದರೆ ಹುಟ್ಟೋಕೇ ಬಿಡಬಾರದಿತ್ತಲ್ಲ?

ಗಜನಿ · ಸೋಮವಾರ ಬೆಳಿಗ್ಗೆ 7:45

ಮಾರಾಯ್ರೆ, ಇದು ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರೋ ಸಂಗತಿ. ಭತ್ತದ ಕಾಳು ಮೊಳೆಯೋವಾಗ ಉಪ್ಪನ್ನು ತಕ್ಕಮಟ್ಟಿಗೆ ತಡೀತದೆ, ತಡವಾಗಿ ಮೊಳೀತದೆ ಅಷ್ಟೆ. ಕಾಳಿನ ಹಿಟ್ಟು ತೀರಿ ಬೇರಿನ ಊಟ ಶುರುವಾಗೋ ಎರಡು ಮೂರು ಎಲೆಯ ಹೊತ್ತಿಗೆ ಅದು ಬಹಳ ನಾಜೂಕು. ತೆಂಡೆ ಒಡೆಯೋವಾಗ ಮತ್ತೆ ಗಟ್ಟಿ, ಹೂವಾಡೋವಾಗ ಮತ್ತೆ ನಾಜೂಕು, ಕಾಳು ಜೊಳ್ಳಾಗ್ತದೆ. ಅದಕ್ಕೇ ಒದ್ದೆ ಬಟ್ಟೆಯ ಏಳು ದಿನದ ಪರೀಕ್ಷೆ ನಿಮಗೆ ಸುಳ್ಳು ಹೇಳಿದ್ದು.

ಕೊಚ್ಚಿ ಕಡೆಯ, ಸಮುದ್ರದ ಉಪ್ಪುನೀರು ನುಗ್ಗೋ ಪೊಕ್ಕಾಳಿ ಗದ್ದೆಯಲ್ಲಿ ಇದಕ್ಕೊಂದು ಚಂದದ ಉಪಾಯ ಉಂಟು. ಮಳೆಗೆ ಮೊದಲೇ ಗದ್ದೆಯ ಮಣ್ಣನ್ನು ಗುಪ್ಪೆ ಗುಪ್ಪೆ ಏರಿಸ್ತಾರೆ, ಜೂನ್ ಮಳೆ ಗುಪ್ಪೆಯ ಉಪ್ಪನ್ನು ತೊಳೀತದೆ, ಮೊಳಕೆ ಬೀಜವನ್ನು ಗುಪ್ಪೆಯ ಮೇಲೆ ಹಾಕ್ತಾರೆ, ಸಸಿ ಎದ್ದ ಮೇಲೆ ಗುಪ್ಪೆ ಒಡೆದು ಹರಡ್ತಾರೆ. ನಾಜೂಕಿನ ಆ ಮೂರು ವಾರ ತೊಳೆದ ಮಣ್ಣಲ್ಲಿ ಕಳೀತದೆ. ಕುಮಟೆಯ ಅಘನಾಶಿನಿ ಅಳಿವೆಯ ಗಜನಿ, ಅಂದರೆ ಉಪ್ಪುನೀರಿನ ಗದ್ದೆಯಲ್ಲೂ ಕಗ್ಗ ಭತ್ತದ ಬಿತ್ತನೆ ಮಳೆ ಗದ್ದೆ ತೊಳೆದ ಮೇಲೇ. ನಿಮ್ಮ ದಿಬ್ಬ ಮಾತ್ರ ಗುಪ್ಪೆಯ ಹಾಗೆ ಕಂಡರೂ ಗುಪ್ಪೆಯಲ್ಲ: ಇಲ್ಲಿ ಮಳೆ ನೀರು ಮೇಲಿಂದ ಕೆಳಗೆ ತೊಳೀತದೆ, ಅಲ್ಲಿ ಕಾಲುವೆ ನೀರು ಕೆಳಗಿಂದ ಮೇಲೆ ಏರ್ತದೆ.

ಕೂರಿಗೆಸಾಲು · ಸೋಮವಾರ ಬೆಳಿಗ್ಗೆ 10:30

ನಡು ಭಾಗದ ಹಪ್ಪಳದ ಮಾತು. ಸೋಡಿಯಂ ಇರೋ ಎರೆಯ ಮೇಲೆ ಮಳೆ ಹನಿ ಬಿದ್ದರೆ ಜೇಡಿ ಕಣ ಬಿಡಿ ಬಿಡಿಯಾಗಿ ಕದಡಿ, ಸಂದಿ ಮುಚ್ಚಿ, ಎರಡು ದಿನ ಬಿಸಿಲಿಗೆ ಗಡಿಗೆ ಓಡಿನ ಹಾಗಾಗುತ್ತೆ. ಬಿಪಿಟಿಯಂಥ ಗಿಡ್ಡ ತಳಿಗೆ ಮಣ್ಣು ಸೀಳಿ ಬರೋ ಉದ್ದ ಇಲ್ಲ. ಬಿತ್ತನೆ 2-3 ಸೆಂ.ಮೀ. ಆಳಕ್ಕೆ ಇರಬೇಕು, 5 ದಾಟಿದರೆ ಹಪ್ಪಳ ಇಲ್ಲದಿದ್ದರೂ ಸೋಲು. ಪುಡಿ ಮಣ್ಣಲ್ಲಿ ಟ್ರ್ಯಾಕ್ಟರ್ ಕೂರಿಗೆ ತಾನಾಗೇ ಆಳಕ್ಕೆ ಇಳಿಯುತ್ತೆ, ಆಳದ ಗಾಲಿ ಪ್ರತಿ ಹೊಲಕ್ಕೂ ಹೊಂದಿಸಬೇಕು.

ಬಿತ್ತಿದ ಮೇಲೆ ಮಳೆ ಬಂದು ಹಪ್ಪಳ ಕಟ್ಟಿದರೆ, ಅದು ಗಟ್ಟಿಯಾಗೋ ಮೊದಲು ತೆಳು ನೀರು ಹಾಯಿಸಿ ಅವತ್ತೇ ಬಸಿಯಬೇಕು. ನಾಲ್ಕರಿಂದ ಎಂಟನೇ ದಿನದೊಳಗೆ ಮೇಲ್ಪದರ ಒದ್ದೆಯಾಗೇ ಇರಲಿ. ಒಣಗಿದ ಮೇಲೆ ಕುಂಟೆ ಹೊಡೆಯೋಕೆ ಹೋದರೆ ಹಪ್ಪಳದ ಜೊತೆ ಕುಡಿಯೂ ಮುರಿಯುತ್ತೆ.

ಒಂದು ಪ್ರಶ್ನೆ: ಡಿ.ಎ.ಪಿ. ಬೀಜದ ಜೊತೆ ಒಂದೇ ಕೊಳವೆಯಲ್ಲಿ ಹಾಕಿದ್ರಾ?

ಎರೆಹೊಲ · ಸೋಮವಾರ ಬೆಳಿಗ್ಗೆ 11:05

ಹೌದು. ಒಂದೇ ಪೆಟ್ಟಿಗೆ, ಕಲಸಿ ಹಾಕಿದ್ದು.

ಕೂರಿಗೆಸಾಲು · ಸೋಮವಾರ ಬೆಳಿಗ್ಗೆ 11:20

ಮುಂದಿನ ಸಲ ಬೇಡ. ಈ ಪಿ.ಎಚ್.ನಲ್ಲಿ ಡಿ.ಎ.ಪಿ. ಕರಗಿದ ಜಾಗದಲ್ಲಿ ಅಮೋನಿಯ ಬಿಡುತ್ತೆ, ಪಕ್ಕದ ಕಾಳಿನ ಬೇರಿನ ತುದಿ ಕಂದಾಗಿ ಸಾಯುತ್ತೆ. ಯೂರಿಯಾ ಅದಕ್ಕಿಂತ ಕೆಟ್ಟದ್ದು. ಗೊಬ್ಬರದ ಕೊಳವೆ ಬೇರೆ ಇರೋ ಕೂರಿಗೆ ತರಿಸಿ, ಬೀಜದಿಂದ 5 ಸೆಂ.ಮೀ. ಪಕ್ಕಕ್ಕೆ ಬೀಳಲಿ. ಇಲ್ಲದಿದ್ದರೆ ಗೊಬ್ಬರ ಮೊದಲೇ ಹರಡಿ ಹರಗಿಬಿಡಿ.

ಬಸಿಗಾಲುವೆ · ಸೋಮವಾರ ಮಧ್ಯಾಹ್ನ 1:15

ಈಗ ಜಿಪ್ಸಂ. ಅದರ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಅನ್ನು ಹೊರದೂಡುತ್ತೆ. ಎರಡು ಚೀಲ ಅಂದರೆ 100 ಕೆಜಿ. ಲೆಕ್ಕ ಹಾಕೋಣ, ನಿಜವಾದ ಅಂಕಿ ಚೀಟಿ ಬಂದ ಮೇಲೆ ತುಂಬಿ.

ಎರೆಯ ಧನ ಅಯಾನು (ಕ್ಯಾಲ್ಸಿಯಂ, ಸೋಡಿಯಂ ಥರದವು) ಹಿಡಿಯೋ ಶಕ್ತಿ 100 ಗ್ರಾಂ ಮಣ್ಣಿಗೆ 50 ಮಿಲಿ ಈಕ್ವಿವಲೆಂಟ್ ಅನ್ನಿ. ಅದರಲ್ಲಿ ಸೋಡಿಯಂ ಹಿಡಿದಿರೋ ಪಾಲು, ಅಂದರೆ ವಿನಿಮಯ ಸೋಡಿಯಂ, ಶೇ 20 ಇದೆ, 10ಕ್ಕೆ ಇಳಿಸಬೇಕು ಅಂದರೆ 5 ಮಿಲಿ ಈಕ್ವಿವಲೆಂಟ್ ತೆಗೆಯಬೇಕು. ಒಂದು ಮಿಲಿ ಈಕ್ವಿವಲೆಂಟ್‌ಗೆ ಕೆಜಿ ಮಣ್ಣಿಗೆ 0.86 ಗ್ರಾಂ ಶುದ್ಧ ಜಿಪ್ಸಂ, ಐದಕ್ಕೆ 4.3 ಗ್ರಾಂ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 790 ಟನ್. ಗುಣಿಸಿದರೆ 3.4 ಟನ್. ಭತ್ತದ ಬೇರು ಮೇಲೇ ಇರೋದರಿಂದ, ನೀರು ನಿಂತಾಗ ಇಂಗಾಲದ ಡೈಆಕ್ಸೈಡ್ ನೆಲದಲ್ಲಿರೋ ಸುಣ್ಣವನ್ನೂ ಸ್ವಲ್ಪ ಕರಗಿಸಿ ಕೊಡೋದರಿಂದ ಅರ್ಧ ಸಾಕು: 1.7 ಟನ್. ಜಿಪ್ಸಂ ಶುದ್ಧತೆ ಶೇ 80 ಆದರೆ 2.1 ಟನ್. ಎರಡು ಚೀಲ ಎಲ್ಲಿ, ಎರಡು ಟನ್ ಎಲ್ಲಿ.

ಬೆಳೆ ಇರೋವಾಗ ಎರಚಬೇಡಿ. ಬೇಸಿಗೆಯಲ್ಲಿ ಹೊಲ ಮಟ್ಟ ಮಾಡಿ, ಬಸಿಗಾಲುವೆ ತೆಗೆದು, ಜಿಪ್ಸಂ ಹರಡಿ, ಮೇಲಿನ 10 ಸೆಂ.ಮೀ.ಗೆ ಮಾತ್ರ ಹರಗಿ ಬೆರೆಸಿ. ನೇಗಿಲು ಆಳ ಹೊಡೆದರೆ ಕೆಳಗೆ ಹೋಗಿ ಹಂಚಿಹೋಗುತ್ತೆ. ಆಮೇಲೆ ಕಾಲುವೆ ನೀರು ಕಟ್ಟಿ 10-15 ದಿನ ನಿಲ್ಲಿಸಿ, ಬಸಿದು, ಮತ್ತೆ ಕಟ್ಟಿ. 30 ಸೆಂ.ಮೀ. ಮಣ್ಣಿನ ಕರಗೋ ಉಪ್ಪಿನಲ್ಲಿ ಹೆಚ್ಚಿನ ಪಾಲು ತೊಳೆಯೋಕೆ ಅಷ್ಟೇ ಎತ್ತರದ ನೀರು ಆ ಮಣ್ಣನ್ನು ಹಾದು ಹೋಗಬೇಕು. ಮೇಲೆ ನಿಂತು ಆವಿಯಾದ ನೀರು ಲೆಕ್ಕಕ್ಕಿಲ್ಲ. ಬಸಿಯೋಕೆ ದಾರಿ ಇಲ್ಲದೆ ಜಿಪ್ಸಂ ಹಾಕಿದರೆ ಬಿಡುಗಡೆಯಾದ ಸೋಡಿಯಂ ಹೊಲದಲ್ಲೇ ಕೂತಿರುತ್ತೆ.

ನೀರು ಬಸಿದ ಮೇಲೆ ಎಕರೆಗೆ 10-12 ಕೆಜಿ ಡಯಾಂಚ (ಹಸಿರೆಲೆ ಗೊಬ್ಬರದ ಬೆಳೆ) ಬಿತ್ತಿ, 45 ದಿನಕ್ಕೆ ಹೂ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸಿ. ಕೂರಿಗೆ ಬಿತ್ತನೆ ಆದರೆ ಸೇರಿಸಿದ ಮೇಲೆ ಎರಡು ವಾರವಾದರೂ ಬಿಡಿ, ಹಸಿ ಸೊಪ್ಪು ಕೊಳೆಯೋವಾಗಲೂ ಕಾಳಿಗೆ ಉಸಿರು ಕಟ್ಟುತ್ತೆ.

ಎರೆಹೊಲ · ಸೋಮವಾರ ಸಂಜೆ 6:30

ಅದು ಮುಂದಿನ ವರ್ಷದ್ದು. ಈ ಬೆಳೆ?

ಕೂರಿಗೆಸಾಲು · ಸೋಮವಾರ ಸಂಜೆ 7:10

ಹರಗಬೇಡಿ. 20×15 ಸೆಂ.ಮೀ. ನಾಟಿಯಲ್ಲಿ ಚದರ ಮೀಟರಿಗೆ 33 ಗುಣಿ ಮಾತ್ರ ಇರೋದು. ಕೂರಿಗೆಯಲ್ಲಿ 60-70 ಸಸಿ ಸಮನಾಗಿ ಇದ್ದರೆ ತೆಂಡೆ ಒಡೆದು ತುಂಬುತ್ತೆ. ಒಂದು ಮೀಟರ್ ಸಾಲಿನಲ್ಲಿ 12-14 ಸಸಿ ಇದ್ದರೆ ಮುಟ್ಟಬೇಡಿ. ಒಂದು ಅಡಿಗಿಂತ ಉದ್ದದ ಖಾಲಿ ಇದ್ದಲ್ಲಿ, ದಟ್ಟ ಸಾಲಿಂದ ಬೇರು ಸಮೇತ ಕಿತ್ತು 20-25ನೇ ದಿನದೊಳಗೆ ನೆಡಿ. ಬಿಪಿಟಿ 145-150 ದಿನದ ತಳಿ, ಈಗ ಹರಗಿ ಬಿತ್ತಿದರೆ ಹೂವಾಡೋದು ಚಳಿಗೆ ಸಿಕ್ಕಿ ಜೊಳ್ಳಾಗುತ್ತೆ.

ತಗ್ಗಿನ ಮೂಲೆಯಲ್ಲಿ ಮೊದಲು ಬಸಿ, ಕೆಸರು ಬಿಗಿಯಾದ ಮೇಲೆ ನಾಟಿ. ದಿಬ್ಬದಲ್ಲಿ ಈಗ 16 ದಿನದ ಸಸಿ ನೆಡಬೇಡಿ. ಎರಡು ಮೂರು ಸಲ ಕಾಲುವೆ ನೀರಿಂದ ತೊಳೆದು, 30-35 ದಿನದ ಬಲಿತ ಸಸಿ ಗುಣಿಗೆ 3-4ರಂತೆ ನೆಡಿ. ಪಕ್ಕದವರ ಸಸಿ ಮಡಿಯಲ್ಲಿ ಮಿಕ್ಕಿದ್ದರೆ ಅದೇ ಸಾಕು.

ಮಣ್ಣುಚೀಟಿ · ಸೋಮವಾರ ಸಂಜೆ 7:50

ನಾಟಿ ಮಾಡೋ ಜಾಗಕ್ಕೆ ಎಕರೆಗೆ 8-10 ಕೆಜಿ ಲೆಕ್ಕದಲ್ಲಿ ಜಿಂಕ್ ಸಲ್ಫೇಟ್ ಹಾಕಿ. ರಂಜಕದ ಗೊಬ್ಬರದ ಜೊತೆ ಕಲಸಬೇಡಿ, ಎರಡೂ ಕಟ್ಟಿಕೊಳ್ಳುತ್ತವೆ. ಪಿ.ಎಚ್. ಹೆಚ್ಚಿರೋ ನೆಲದಲ್ಲಿ ಎರಡು ಮೂರು ವಾರಕ್ಕೆ ಕೆಳಗಿನ ಎಲೆಯಲ್ಲಿ ತುಕ್ಕಿನ ಚುಕ್ಕೆ ಬಂದು ಪೈರು ಗಿಡ್ಡಾಗೋದು ಸತುವಿನ (ಜಿಂಕ್) ಕೊರತೆ. ಉತ್ತರದ ತರಾಯಿ ಪ್ರದೇಶದಲ್ಲಿ ಅದಕ್ಕೆ ಖೈರಾ ಅಂತಾರೆ, 1960ರ ದಶಕದಲ್ಲಿ ಪಂತನಗರದಲ್ಲಿ ವೈ.ಎಲ್. ನೇನೆ ಅದಕ್ಕೆ ಸತುವೇ ಮದ್ದು ಅಂತ ಕಂಡುಹಿಡಿದರು. ಅಲ್ಲಿವರೆಗೆ ರೋಗ ಅಂತಲೇ ಔಷಧಿ ಹೊಡೀತಿದ್ದರು. ಈಗಲೂ ಹೊಡೆಯೋರಿದ್ದಾರೆ, ಅದು ಬೇರೆ ಮಾತು.

ಸಾರಜನಕಕ್ಕೆ ಯೂರಿಯಾ ಬದಲು ಸಾಧ್ಯವಾದಷ್ಟು ಅಮೋನಿಯಂ ಸಲ್ಫೇಟ್. ಯೂರಿಯಾನೇ ಆದರೆ ನಿಂತ ನೀರಿಗೆ ಎರಚದೆ, ನೀರು ಬಸಿದು ಒದ್ದೆ ಮಣ್ಣಿಗೆ ಹಾಕಿ, ಮಾರನೇ ದಿನ ನೀರು ಕಟ್ಟಿ.

ಇನ್ನು ಬೀಜವೋ ಮಣ್ಣೋ ಅನ್ನೋ ಮೊದಲ ಪ್ರಶ್ನೆ. ಮುಂದಿನ ಬಿತ್ತನೆಗೆ ಮೊದಲು ಎರಡು ತಟ್ಟೆ ಇಡಿ, ಒಂದರಲ್ಲಿ ತೊಳೆದ ಹೊಳೆ ಮರಳು, ಇನ್ನೊಂದರಲ್ಲಿ ಹೊಲದ ಮೇಲಿನ 5 ಸೆಂ.ಮೀ. ಮಣ್ಣು. ಎರಡಕ್ಕೂ ಹೊಲಕ್ಕೆ ಬಿಡೋ ನೀರೇ. ತಲಾ 100 ಕಾಳು, 2 ಸೆಂ.ಮೀ. ಆಳ, ತಟ್ಟೆಗೆ ತಳದಲ್ಲಿ ತೂತು. ಏಳನೇ ದಿನ ಒಮ್ಮೆ ಎಣಿಸಿ, 20ನೇ ದಿನ ಬದುಕಿರೋವನ್ನು ಮತ್ತೆ ಎಣಿಸಿ. ಪ್ರಮಾಣಿತ ಭತ್ತದ ಬೀಜಕ್ಕೆ ಕನಿಷ್ಠ ಮೊಳಕೆ ಶೇ 80. ಮರಳಲ್ಲೇ 80ಕ್ಕಿಂತ ಕಡಿಮೆ ಬಂದರೆ ಬೀಜ ಕೊಟ್ಟವರನ್ನು ಕೇಳಿ. ಮರಳಲ್ಲಿ ಚೆನ್ನಾಗಿ ಬಂದು ಮಣ್ಣಲ್ಲಿ ಏಳನೇ ದಿನವೇ ಕಡಿಮೆಯಾದರೆ ಹಪ್ಪಳ ಅಥವಾ ಗಾಳಿ. ಏಳನೇ ದಿನ ಸರಿಯಿದ್ದು 20ನೇ ದಿನ ಸತ್ತಿದ್ದರೆ ಉಪ್ಪು.

ಎರೆಹೊಲ · ಸೋಮವಾರ ರಾತ್ರಿ 8:30

ನಾಳೆ ನಾಲ್ಕು ಚೀಲ ಮಣ್ಣು ಕೊಟ್ಟು ಬರ್ತೀನಿ, ತಗ್ಗಿನ ಮೂಲೆಗೆ ಬಸಿಗಾಲುವೆ ಕೆಲಸ ಹಿಡಿಸ್ತೀನಿ. ಜಿಪ್ಸಂ ಟ್ರಾಲಿ ಲೆಕ್ಕದಲ್ಲಿ ಕೊಡ್ತೀವಿ ಅಂತಾರೆ, ತಗೊಳ್ಳಬಹುದಾ?

ಬಸಿಗಾಲುವೆ · ಸೋಮವಾರ ರಾತ್ರಿ 8:55

ಟ್ರಾಲಿ ಲೆಕ್ಕ ಬೇಡ, ತೂಕದ ಲೆಕ್ಕ ಮಾಡಿ. ಗೊಬ್ಬರ ಕಾರ್ಖಾನೆಯಿಂದ ಬರೋ ಜಿಪ್ಸಂ ಒದ್ದೆಯಾಗಿರುತ್ತೆ, ನೀರಿಗೂ ದುಡ್ಡು ಕೊಟ್ಟ ಹಾಗಾಗುತ್ತೆ. ಒಂದು ಕೆಜಿ ತಂದು ಮೂರು ದಿನ ಬಿಸಿಲಿಗೆ ಹರಡಿ ಮತ್ತೆ ತೂಗಿ, ಕಮ್ಮಿಯಾದಷ್ಟನ್ನು ಲೆಕ್ಕದಿಂದ ಕಳೆಯಿರಿ. ಅದರಲ್ಲೇ ಒಂದು ಹಿಡಿ ಮಣ್ಣಿನ ಜೊತೆ ಪರೀಕ್ಷೆಗೆ ಕೊಟ್ಟರೆ ಶುದ್ಧತೆಯೂ ಗೊತ್ತಾಗುತ್ತೆ. ಹೆಂಟೆ ಹೆಂಟೆಯಾಗಿದ್ದರೆ ತಗೋಬೇಡಿ, 2 ಮಿ.ಮೀ. ಜರಡಿಯಲ್ಲಿ ಇಳಿಯೋಷ್ಟು ನುಣ್ಣಗಿರಲಿ.